ರಾಮಣ್ಣ ಕೂಗದ ಮಧ್ಯಾಹ್ನ

ಸಾಕ್ಷ್ಯಚಿತ್ರ ಮಾಡುವುದೆಂದರೆ ಕ್ಯಾಮೆರಾ ಹಿಡಿಯುವುದು ಎಂದುಕೊಂಡ ಹುಡುಗ ಹುಡುಗಿಯರು ಪುಣೆಯ ಬಿಬವೇವಾಡಿಯಲ್ಲಿರುವ ನಮ್ಮ ಮನೆಗೆ ಆಗಾಗ ಬರುತ್ತಾರೆ. ಒಳ್ಳೆಯ ಮಕ್ಕಳು. ಚಪ್ಪಲಿ ಹೊರಗೆ ಬಿಡುತ್ತಾರೆ, ಕೊಟ್ಟ ಚಹಾ ಕುಡಿಯುತ್ತಾರೆ, ಆಮೇಲೆ ಯಾವ ಲೆನ್ಸು ಕೊಳ್ಳಬೇಕು ಎಂದು ಕೇಳುತ್ತಾರೆ. ಕೂದಲು ನೆರೆಯುವವರೆಗೆ ಇದೇ ಕೆಲಸ ಮಾಡಿದವಳು ನಾನು, ಲೆನ್ಸಿನ ವಿಚಾರ ಈಗಲೂ ಅಷ್ಟಕ್ಕಷ್ಟೇ. ಅದು ಕ್ಯಾಮೆರಾದವನ ತಲೆನೋವು. ನಿರ್ದೇಶಕಿಯ ತಲೆನೋವು ಬೇರೆ. ನೀವು ಒಬ್ಬರ ಮನೆಯ ಬಾಗಿಲು ತಟ್ಟುತ್ತೀರಿ, ನಿಮ್ಮ ಬದುಕನ್ನು ಊರಿಗೆಲ್ಲ ತೋರಿಸುತ್ತೇನೆ ಅನ್ನುತ್ತೀರಿ, ತೋರಿಸಿ ಊಟಕ್ಕೆ ನಿಮ್ಮ ಮನೆಗೆ ಬಂದುಬಿಡುತ್ತೀರಿ. ಅವರು ಮಾತ್ರ ಅಲ್ಲೇ ಇರುತ್ತಾರೆ. ಆ ಊರಿನಲ್ಲೇ, ಅದೇ ಜನರ ನಡುವೆ.

ಇದನ್ನು ನನಗೆ ಕಲಿಸಿದವರು ಭಿಡೆ ಸರ್. ಧಾರವಾಡದಿಂದ ಪದವಿ ಮುಗಿಸಿ ಪುಣೆಗೆ ಬಂದಾಗ ನಾನು ಸೇರಿದ್ದು ಅವರ ಕಂಪನಿಗೆ. ಕಾರ್ಖಾನೆಗಳಿಗೆ, ಬ್ಯಾಂಕುಗಳಿಗೆ ಚಿತ್ರ ಮಾಡಿಕೊಡುವ ಕಂಪನಿ. ಎರಡು ಕೋಣೆ, ಒಂದು ಕ್ಯಾಮೆರಾ, ವಿಪರೀತ ಸಿಟ್ಟು. ಆಗ ಫಿಲ್ಮಿನ ಕಾಲ. ರೋಲು ಚಿನ್ನದ ಹಾಗೆ. ಅನಗತ್ಯವಾಗಿ ಕ್ಯಾಮೆರಾ ಓಡಿತೋ, ಭಿಡೆ ಸರ್ ಮರಾಠಿಯಲ್ಲಿ ನಮ್ಮ ವಂಶವನ್ನೇ ಜಾಲಾಡುತ್ತಿದ್ದರು. ಆದರೆ ಎರಡು ವಿಷಯಕ್ಕೆ ಅವರು ಎಂದೂ ಕೈ ಬಿಗಿಹಿಡಿದವರಲ್ಲ. ಒಂದು, ಮಾತು ಮುಗಿದ ಮೇಲೆ ಆ ಜಾಗದ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಬೇಕು. ಯಾರೂ ಅಲುಗಾಡಕೂಡದು, ಕೆಮ್ಮಕೂಡದು. ಪ್ರತಿ ಕೋಣೆಗೂ ಅದರದೇ ಮೌನ ಇರುತ್ತದೆ, ಸಂಕಲನದಲ್ಲಿ ಮಾತಿನ ನಡುವಿನ ಬಿರುಕು ಮುಚ್ಚಲು ಅದೇ ಬೇಕು. ಎರಡನೆಯದು, ಚಿತ್ರ ಮುಗಿದ ಮೇಲೆ ಮೊದಲು ನೋಡಬೇಕಾದವರು ಅದರಲ್ಲಿ ಇರುವವರು. ದುಡ್ಡು ಕೊಟ್ಟವರು ಆಮೇಲೆ.

ಈ ಎರಡನೆಯ ನಿಯಮ ನನಗೆ ಮೊದಮೊದಲು ತಲೆಹರಟೆ ಅನ್ನಿಸಿತ್ತು. ಒಮ್ಮೆ ಸಕ್ಕರೆ ಕಾರ್ಖಾನೆಯ ಸುರಕ್ಷತೆಯ ಬಗ್ಗೆ ಚಿತ್ರ ಮಾಡಿದೆವು. ಮ್ಯಾನೇಜರು ಬೆಂಕಿಯ ಅಪಾಯದ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದಾರೆ, ಅವರ ಬೆನ್ನ ಹಿಂದೆ, ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಒಬ್ಬ ಕಾರ್ಮಿಕ ಆರಾಮಾಗಿ ಬೀಡಿ ಎಳೆಯುತ್ತಿದ್ದಾನೆ! ನಾವಾರೂ ಅದನ್ನು ನೋಡಿರಲಿಲ್ಲ. ಕಾರ್ಮಿಕರಿಗೆ ಚಿತ್ರ ತೋರಿಸಿದ ದಿನ ಎಲ್ಲರೂ ನಗುತ್ತಿದ್ದರು, ಅವನೊಬ್ಬ ಮಾತ್ರ ಎದ್ದು ಬಂದು ಭಿಡೆ ಸರ್ ಎದುರು ಕೈಮುಗಿದು ನಿಂತ. ಆ ತುಣುಕು ಅಲ್ಲೇ ಹೋಯಿತು. ಮ್ಯಾನೇಜರ ಅತ್ಯುತ್ತಮ ಭಾಷಣವೂ ಅದರ ಜೊತೆ ಹೋಯಿತು. ನನಗೇನೂ ದುಃಖವಾಗಲಿಲ್ಲ.

ಭಿಡೆ ಸರ್ ಹೋದ ಮೇಲೆ ನಾನೇ ಚಿಕ್ಕದಾಗಿ ನಿರ್ಮಾಣ ಶುರುಮಾಡಿದೆ. ಫಿಲ್ಮು ಹೋಗಿ ಟೇಪು ಬಂದಿತ್ತು. ನನ್ನ ಜೊತೆ ಧ್ವನಿಗೆ ಬಾಪು ಇದ್ದ. ಬೆಳಗಾವಿ ಕಡೆಯವನು, ಹೆಡ್‌ಫೋನ್ ಹಾಕಿಕೊಂಡನೆಂದರೆ ಹೆಂಡತಿ ಕರೆದರೂ ಕೇಳದು. ಒಂದು ಮರಾಠಿ ಚಾನೆಲ್ಲಿಗಾಗಿ, ಗಂಡನ ಮನೆ ಬಿಟ್ಟು ಬಂದ ಹೆಂಗಸರ ಕುರಿತು ಚಿತ್ರ ಮಾಡುವ ಕೆಲಸ ಸಿಕ್ಕಿತು. ಆ ಚಾನೆಲ್ ಈಗಿಲ್ಲ. ಅಲ್ಲಿ ನಮ್ಮ ಮೇಲೆ ಕೂತಿದ್ದವರು ಇನಾಮದಾರ ಸಾಹೇಬರು. ಮೂಲ ಧಾರವಾಡ ಜಿಲ್ಲೆಯವರೇ. ಆದರೆ ಆಫೀಸಿನಲ್ಲಿ ಕನ್ನಡ ಆಡಿದರೆ ಕುರ್ಚಿಯ ಎತ್ತರ ಕಡಿಮೆಯಾಗುತ್ತದೆ ಎಂದು ನಂಬಿದ್ದವರು. ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ.

ಆ ಚಿತ್ರಕ್ಕಾಗಿ ಸಿಕ್ಕವಳು ಲಲಿತಾ. ಅದು ಅವಳ ಹೆಸರಲ್ಲ, ನಾನು ಇಟ್ಟದ್ದು. ಬೆಳಗಾವಿ ಹತ್ತಿರದ ಹಳ್ಳಿಯವಳು, ಪುಣೆಗೆ ಮದುವೆಯಾಗಿ ಬಂದವಳು. ಗಂಡ ಟೆಂಪೋದಲ್ಲಿ ಊರೆಲ್ಲ ಸಾಮಾನು ಹಾಕುತ್ತಿದ್ದ, ಮನೆಗೆ ಬಂದು ಕೈ ಎತ್ತುತ್ತಿದ್ದ. ಒಂದು ದಿನ ಅವಳು ಸಣ್ಣ ಮಗಳನ್ನು ಎತ್ತಿಕೊಂಡು ಹೊರಬಿದ್ದಳು. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಕುಂದಾಪುರ ಕಡೆಯ ಶೆಟ್ಟರ ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸ, ಮಹಡಿಯ ಮೇಲೆ ಒಂದು ಕೋಣೆ. ಮಗಳು ತಾಯಿಯ ಬಳಿಯೇ ಇರಬೇಕು ಎಂದು ಕೋರ್ಟಿನಲ್ಲಿ ಅರ್ಜಿ ಬಿದ್ದಿತ್ತು, ಆದೇಶ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಸಿಕ್ಕರೆ ಹುಡುಗಿಯನ್ನು ಎತ್ತಿಕೊಂಡು ಹೋಗಿ ಕಣ್ಣಿಗೆ ಬೀಳದಂತೆ ಮಾಡುತ್ತೇನೆ ಎಂದು ಗಂಡ ಹೇಳಿಕಳಿಸಿದ್ದ. ಹೇಳಿದ್ದನ್ನು ಮಾಡುವ ಗಂಡಸು.

ಇಷ್ಟು ಹೆದರಿಕೆಯ ನಡುವೆ ಅವಳು ಕ್ಯಾಮೆರಾ ಮುಂದೆ ಬರಲು ಒಪ್ಪಿದ್ದಕ್ಕೆ ಕಾರಣ ಅವಳ ತಾಯಿ. ಲಲಿತಾ ಯಾರದೋ ಹಿಂದೆ ಓಡಿಹೋದಳು ಎಂದು ಗಂಡನ ಮನೆಯವರು ಅವಳ ಊರಿನಲ್ಲೆಲ್ಲ ಹಬ್ಬಿಸಿದ್ದರು. ತಾಯಿ ಅದನ್ನು ನಂಬಿ ಅನ್ನ ಬಿಟ್ಟು ಕೂತಿದ್ದಾಳೆ ಎಂಬ ಸುದ್ದಿ ಬಂದಿತ್ತು. ಫೋನ್ ಮಾಡಿದರೆ ಎತ್ತುವವರು ಅಣ್ಣಂದಿರು, ಅವರು ಗಂಡನ ಕಡೆ.

"ಮುಖಾ ಮುಚ್ರಿ, ಹೆಸರ ಮುಚ್ರಿ. ದನಿ ಮಾತ್ರ ಮುಟ್ಟಬ್ಯಾಡ್ರಿ ಅಕ್ಕಾರ," ಅಂದಳು. "ನಮ್ಮವ್ವ ದಿನಾ ಸಂಜೀಕೆ ಆ ಚಾನೆಲ್ಲ ನೋಡತಾಳ. ಕನ್ನಡದಾಗ ಹೇಳ್ತೀನಿ, ನನ್ನ ದನಿ ಆಕಿಗೆ ಗುರುತು ಸಿಗಬೇಕು."

ಗಂಡನಿಗೂ ಗುರುತು ಸಿಗುತ್ತದೆ ಎಂದೆ. "ಸಿಗಲಿ ಬಿಡ್ರಿ. ಎಲ್ಲಿದ್ದೀನಿ ಅಂತ ತಿಳೀಬಾರದು, ಅಷ್ಟ." ಅವಳ ವಕೀಲರೂ ಹಾಗೇ ಹೇಳಿದರು. ಹೀಗಾಗಿ ನಮ್ಮ ಕೆಲಸ ಜಾಗವನ್ನು ಮುಚ್ಚಿಡುವುದು. ಕಿಟಕಿಗೆ ಬೆನ್ನು ಹಾಕಿ ಕೂರಿಸಿದೆವು. ಬೆಳಕಿಗೆ ಅಡ್ಡ ಕಪ್ಪು ನೆರಳಷ್ಟೇ. ಗೋಡೆಯ ಕ್ಯಾಲೆಂಡರ್ ತೆಗೆದೆವು, ಹೋಟೆಲಿನ ಹೆಸರಿದ್ದ ಸ್ಟೀಲಿನ ಲೋಟ ತೆಗೆದೆವು. ನಮ್ಮ ಜಾಣತನಕ್ಕೆ ನಾವೇ ಬೆನ್ನು ಚಪ್ಪರಿಸಿಕೊಂಡೆವು.

ಲಲಿತಾ ಮಾತಾಡಿದಳು. ಕೊನೆಗೆ, "ಅವ್ವಾ, ನಾ ಯಾರ ಹಿಂದೂ ಹೋಗಿಲ್ಲ" ಎಂದು ಒಂದೇ ಮಾತು ಹೇಳಿ ಅತ್ತಳು. ಬಾಪು ಹೆಡ್‌ಫೋನ್ ತೆಗೆದು, "ಭಾರೀ ಬಂದೈತ್ರಿ ಮೇಡಂ. ಕೆಳಗಿನ ಹೋಟೆಲ್ ಆವಾಜೂ ಹಗೂರಕ ಬಂದೈತಿ, ಜೀವಂತ ಅನಸ್ತೈತಿ," ಅಂದ. ಚಾನೆಲ್ಲಿನಲ್ಲಿ ಇನಾಮದಾರರೂ ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಚಿತ್ರ ನೋಡಿ, "ಫಾರ್ ಛಾನ್" ಎಂದು ಮರಾಠಿಯಲ್ಲಿ ಮೆಚ್ಚಿ ಒಪ್ಪಿಗೆ ಹಾಕಿದರು. ಪ್ರಸಾರಕ್ಕೆ ಮೊದಲು ಹೊರಗಿನವರಿಗೆ ತೋರಿಸಕೂಡದು ಎಂದು ಅವರ ಕರಾರಿನಲ್ಲಿತ್ತು. ನನ್ನ ಮಟ್ಟಿಗೆ ಲಲಿತಾ ಹೊರಗಿನವಳಲ್ಲ, ಹೊರಗಿನವರು ಇನಾಮದಾರರು. ಪ್ರಸಾರದ ದಿನ ಬೆಳಿಗ್ಗೆ ನಕಲು ಕ್ಯಾಸೆಟ್ ಚೀಲದಲ್ಲಿ ಹಾಕಿಕೊಂಡು, ರೆಕಾರ್ಡರನ್ನು ಹೆಗಲಿನಿಂದ ಎಂದೂ ಇಳಿಸದ ಬಾಪುವಿನ ಜೊತೆ ಕ್ಯಾಂಪಿಗೆ ಹೋದೆ.

ಶೆಟ್ಟರು ತಮ್ಮ ಟಿ.ವಿ.ಯನ್ನೂ ವಿ.ಸಿ.ಆರ್. ಅನ್ನೂ ಮೇಲಿನ ಕೋಣೆಗೆ ತರಿಸಿದರು. ಲಲಿತಾ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡಿದಳು. ಅವಳ ಮಾತು ಬಂತು. ಅದರ ಅಡಿಯಲ್ಲಿ, ದೂರದಿಂದ, ರಾಗವಾಗಿ ಒಂದು ಕೂಗು: "ಏಕ್ ಮಸಾಲಾ… ದೋನ್ ಸಾದಾ ಕಡಕ್‌ಕ್‌ಕ್!"

ಶೆಟ್ಟರು ತೊಡೆ ತಟ್ಟಿ ನಕ್ಕರು. "ಓ, ನಮ್ಮ ರಾಮಣ್ಣ! ಎಷ್ಟು ಲಾಯ್ಕ ಕೇಳ್ತದೆ ಮಾರಾಯ್ರೆ!"

ರಾಮಣ್ಣ ಅಂದರೆ ಆ ಹೋಟೆಲಿನಲ್ಲಿ ಗಿರಾಕಿಗಳ ಆರ್ಡರನ್ನು ಅಡಿಗೆಮನೆಗೆ ಕೂಗಿ ಹೇಳುವವನು. ಊರಿನಲ್ಲಿ ಯಕ್ಷಗಾನ ಮೇಳದ ಹಿಂದೆ ತಿರುಗಿದವನಂತೆ, ದೋಸೆಯನ್ನೂ ಭಾಗವತರ ಹಾಗೆ ಎಳೆದು ಹಾಡುತ್ತಿದ್ದ. ಅಂಥ ಕೂಗು ಪುಣೆಯಲ್ಲಿ ಇನ್ನೊಂದಿರಲಿಲ್ಲ. ಕ್ಯಾಂಪಿನ ಕಾಲೇಜು ಹುಡುಗರು ಅವನನ್ನು ಅಣಕಿಸುತ್ತ ಓಡಾಡುತ್ತಿದ್ದರು. ನಾವು ಆ ಕೂಗನ್ನು ಸಂಕಲನದಲ್ಲಿ ಎಷ್ಟೋ ಸಲ ಕೇಳಿದ್ದೆವು. ಆದರೆ ಜಾಗ ಯಾವುದೆಂದು ನಮಗೆ ಮೊದಲೇ ಗೊತ್ತಿತ್ತಲ್ಲ, ಹೀಗಾಗಿ ಅದು ಜಾಗ ಹೇಳಿಕೊಡುತ್ತದೆ ಎಂದು ಹೊಳೆಯಲೇ ಇಲ್ಲ. ಈ ದಡ್ಡತನ ನಮ್ಮ ಕಸುಬಿನವರಿಗೆ ಮಾತ್ರ ಸಾಧ್ಯ.

ಲಲಿತಾ ನಗಲಿಲ್ಲ. ಮಗಳನ್ನು ಕೆಳಗಿಳಿಸಿ ಗೂಟದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದಳು.

"ಏನ್ ಮಾಡ್ಲಿಕ್ಹತ್ತೀದಿ?" ಎಂದೆ.

"ನಮ್ಮ ಯಜಮಾನ್ರು ಮನ್ಯಾಗ ಚಾ ಬೇಕಾದ್ರ ಹಿಂಗ ಕೂಗತಿದ್ರು ಅಕ್ಕಾರ. ಹಿಂಗ, ಇದ ರಾಗಾ. ದೋನ್ ಕಡಕ್, ಅಂತ. ಇಲ್ಲಿ ಬಂದ ಮೊದಲನೇ ದಿನ ರಾಮಣ್ಣನ ದನಿ ಕೇಳಿ ಅವ್ರ ಬಂದ್ರು ಅಂತ ಬಾಗಲಾ ಹಾಕ್ಕೊಂಡಿದ್ದೆ. ಅವ್ರು ಇಲ್ಲೇ ಉಂಡಾರ, ಆ ರಾಗಾ ಇಲ್ಲೇ ಕಲ್ತಾರ ಅಂತ ಗೊತ್ತಾತು."

"ಮತ್ತ ಹೇಳಬಾರದಾಗಿತ್ತೇನು?"

"ಹೇಳಿ ಎಲ್ಲಿಗೆ ಹೋಗಲ್ರಿ?" ಅಂದಳು.

ಶೆಟ್ಟರ ನಗು ಅಲ್ಲೇ ನಿಂತಿತ್ತು. "ಎಂತ ಮಾಡುದು ಈಗ?" ಎಂದು ನನ್ನ ಮುಖ ನೋಡಿದರು. ಪ್ರಸಾರವಾಗಬೇಕಾದ ಟೇಪು ಆಗಲೇ ಚಾನೆಲ್ಲಿನಲ್ಲಿತ್ತು. ಸಂಜೆ ಪ್ರಸಾರ.

ಅವಳ ಭಾಗವನ್ನೇ ತೆಗೆದುಬಿಡುತ್ತೇನೆ ಎಂದೆ. ಲಲಿತಾ ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಅವ್ವ?" ಎಂದಳು. ಅಷ್ಟೇ.

ಬಾಪು ಅಷ್ಟರಲ್ಲಿ ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸಿ ಕೇಳುತ್ತಿದ್ದ. ಬೇರೆ ಕಡೆ ಕೂಗು ಮಾತಿನ ಸಂದಿಯಲ್ಲಿತ್ತು. ಅದನ್ನು ಕತ್ತರಿಸಿ ಆ ಜಾಗಕ್ಕೆ ಕೋಣೆಯ ಮೌನ ತುಂಬಬಹುದಿತ್ತು. ಆದರೆ ಎರಡು ಕಡೆ ಅದು ಅವಳ ಮಾತಿನ ಮೇಲೇ ಕೂತಿತ್ತು. ಅದರಲ್ಲಿ ಒಂದು, "ಅವ್ವಾ" ಎಂಬ ಆ ಕೊನೆಯ ಮಾತು. ಈಗಿನಂತೆ ಒಂದು ಧ್ವನಿಯನ್ನು ಇನ್ನೊಂದರಿಂದ ಬಿಡಿಸುವ ಯಂತ್ರ ಆಗ ನಮ್ಮ ಬಳಿ ಇರಲಿಲ್ಲ.

"ಮುಖಾ ಕಾಣೂದಿಲ್ಲಲ್ರಿ ಮೇಡಂ," ಎಂದ ಬಾಪು. "ತುಟಿ ಕೂಡಸೂ ತ್ರಾಸ ಇಲ್ಲ. ದನಿ ಅಷ್ಟ ಹೊಸದು ತಗೊಂಡ್ರ ಆತು."

ಅಂದರೆ ಆ ಮಾತನ್ನು ಅವಳಿಂದ ಮತ್ತೆ ಹೇಳಿಸಬೇಕು. ನಾನು ಜೀವನದಲ್ಲಿ ಯಾರ ಸಂಕಟವನ್ನೂ ಎರಡನೇ ಸಲ ಹೇಳಿಸಿದವಳಲ್ಲ. ಅಳು ಚೆನ್ನಾಗಿತ್ತು, ಇನ್ನೊಮ್ಮೆ ಅಳಿ ಅನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಲಲಿತಾ ಚೀಲ ಕೆಳಗಿಟ್ಟಳು. "ತಗೋರಿ, ಹೇಳ್ತೀನಿ," ಅಂದಳು.

ಆದರೆ ಹೋಟೆಲಿನಲ್ಲಿ ಊಟದ ಹೊತ್ತು ಶುರುವಾಗಿತ್ತು. ಕೆಳಗೆ ರಾಮಣ್ಣ ಪೂರ್ತಿ ರಂಗಕ್ಕೇರಿದ್ದ. ಲಲಿತಾಳನ್ನು ಹಗಲು ಹೊತ್ತಿನಲ್ಲಿ ಹೊರಗೆ ಕರೆದೊಯ್ಯುವ ಧೈರ್ಯ ನಮಗಾರಿಗೂ ಇಲ್ಲ. ಶೆಟ್ಟರು ಒಂದು ಕ್ಷಣ ಯೋಚಿಸಿ ಪಂಚೆ ಎತ್ತಿ ಕಟ್ಟಿದರು. "ನೀವು ಮೇಲೆ ನೋಡಿಕೊಳ್ಳಿ. ಕೆಳಗೆ ನಾನು." ನಾನೂ ಮೆಟ್ಟಿಲ ತುದಿಯವರೆಗೆ ಹೋಗಿ ನಿಂತೆ.

"ರಾಮಣ್ಣ, ಸ್ವಲ್ಪ ಹೊತ್ತು ಬಾಯಿ ಬಂದ್."

ರಾಮಣ್ಣನ ಮುಖ ಬಿದ್ದುಹೋಯಿತು. "ಎಂತ ತಪ್ಪಾಯ್ತು ಧಣಿ?"

"ತಪ್ಪು ಎಂತದೂ ಇಲ್ಲ. ಕೂಗಬೇಡ ಅಂದ್ರೆ ಕೂಗಬೇಡ. ಕೈಯಲ್ಲಿ ತೋರಿಸು."

ಕಾರಣ ಹೇಳುವ ಹಾಗಿರಲಿಲ್ಲ. ಮಹಡಿಯ ಹೆಂಗಸಿನ ಕಥೆ ಹೋಟೆಲಿನವರಿಗೆ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಕ್ಯಾಂಪಿನ ಊಟದ ಹೊತ್ತಿನಲ್ಲಿ, ಎಲ್ಲ ಮೇಜು ತುಂಬಿರುವಾಗ, ರಾಮಣ್ಣ ಬೆರಳಿನಲ್ಲಿ ದೋಸೆ ತೋರಿಸುತ್ತಿದ್ದ. ಮಾಣಿಗಳು ತುದಿಗಾಲಿನಲ್ಲಿ ಓಡಾಡುತ್ತಿದ್ದರು. ಶೆಟ್ಟರು ಸ್ವತಃ ತಟ್ಟೆ ತೊಳೆಯುವ ನಲ್ಲಿ ನಿಲ್ಲಿಸಿ ಬಂದರು. ಗಿರಾಕಿಗಳೂ ಯಾಕೋ ಮೆಲ್ಲಗೆ ಮಾತಾಡತೊಡಗಿದರು. ಹಳೆಯ ಗಿರಾಕಿಯೊಬ್ಬರು ತಡೆಯಲಾರದೆ, "ಕಾಯ್ ಶೇಟ್, ಆಜ್ ಕೋಣ್ ಗೇಲಂ?" ಎಂದು, ಇವತ್ತು ಯಾರು ತೀರಿಕೊಂಡರು ಎಂದು ಪಿಸುಗುಟ್ಟಿದರು. ಶೆಟ್ಟರು ಬಾಯಿಯ ಮೇಲೆ ಬೆರಳಿಟ್ಟು ಅವರಿಗೆ ಇನ್ನೊಂದು ಬಟ್ಟಲು ಪಾಯಸ ಕೊಟ್ಟರು.

ಮೇಲೆ ಲಲಿತಾ ಮೊದಲ ಸಲ ಹೇಳಿದಾಗ ಅದು ಶಾಲೆಯ ಮಕ್ಕಳು ಪಾಠ ಒಪ್ಪಿಸಿದ ಹಾಗಿತ್ತು. ಮತ್ತೊಮ್ಮೆ ಹೇಳಿದಳು, ಇನ್ನೂ ಕೆಟ್ಟದಾಯಿತು. ಅವಳ ಕಣ್ಣು ಚೀಲದ ಮೇಲೇ ಇತ್ತು. ಕೆಳಗೆ ಶೆಟ್ಟರು ಎಷ್ಟು ಹೊತ್ತು ತಡೆದಾರು? ಬಾಪು ಕೈ ಎತ್ತಿ, "ಮಾತು ಬ್ಯಾಡ, ಮೊದಲ ಮೌನ ತಗೋತೀನಿ," ಅಂದ.

ನಾವೆಲ್ಲ ಸುಮ್ಮನಾದೆವು. ಮಗಳು ಕೂಡ ತಾಯಿಯ ಸೆರಗು ಹಿಡಿದು ಅಲುಗಾಡದೆ ಕೂತಳು. ಆ ಕೋಣೆಗೆ ಬಂದಾಗಿನಿಂದ ಊಟದ ಹೊತ್ತಿನಲ್ಲಿ ಲಲಿತಾ ಕೇಳದೇ ಇದ್ದದ್ದು ಅದೊಂದೇ, ಮೌನ. ಕೆಳಗಿನಿಂದ ಒಂದು ಸದ್ದಿಲ್ಲ. ಇಷ್ಟೊಂದು ಜನ ತನಗಾಗಿ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ ಎಂಬುದು ಅವಳಿಗೆ ಆಗ ತಟ್ಟಿತೋ ಏನೋ. ನಿಮಿಷ ಮುಗಿಯಿತೆಂದು ಬಾಪು ತಲೆಯಾಡಿಸುವ ಮೊದಲೇ ಅವಳು ಮಾತಾಡಿದಳು.

"ಅವ್ವಾ, ನಾ ಯಾರ ಹಿಂದೂ ಹೋಗಿಲ್ಲ. ನನ್ನ ಕಾಲಿಲೆ ನಾ ನಡದು ಬಂದೀನಿ."

ಎರಡನೆಯ ವಾಕ್ಯ ಮೊದಲ ಸಲದಲ್ಲಿ ಇರಲಿಲ್ಲ. ಅಳುವೂ ಇರಲಿಲ್ಲ, ಸಿಟ್ಟಿತ್ತು. ಉಳಿದ ಇನ್ನೊಂದು ಮಾತನ್ನೂ ಅದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಬಾಪು ಹೆಡ್‌ಫೋನ್ ತೆಗೆದು ಕಣ್ಣು ಒರೆಸಿಕೊಂಡ. ನಾನು ಕೆಳಗೆ ಓಡಿದೆ.

ಸ್ಟುಡಿಯೋದಲ್ಲಿ ಹೊಸ ಧ್ವನಿ ಕೂಡಿಸಿ ಟೇಪು ಹಿಡಿದುಕೊಂಡು ಚಾನೆಲ್ ಮುಟ್ಟಿದಾಗ ಬಿಸಿಲು ಇಳಿದಿತ್ತು. ಇನಾಮದಾರರು ತಲೆ ಎತ್ತಲಿಲ್ಲ. ಒಪ್ಪಿಗೆಯಾದ ಟೇಪು ಬದಲಿಸುವಂತಿಲ್ಲ, ಹೊಸದನ್ನು ಪರೀಕ್ಷಿಸುವ ಸಮಿತಿ ಇವತ್ತು ಕೂರುವುದಿಲ್ಲ, ಮುಂದಿನ ವಾರ ಬನ್ನಿ ಎಂದು ಮರಾಠಿಯಲ್ಲಿ ಹೇಳಿದರು. ಮುಂದಿನ ವಾರ ಯಾಕೆ, ಪ್ರಸಾರ ಇವತ್ತು ಎಂದೆ. ಹಳೆಯದೇ ಹೋಗಲಿ, ಚೆನ್ನಾಗಿದೆಯಲ್ಲ ಅಂದರು. ಯಾರಿಗೆ ಮೊದಲೇ ತೋರಿಸಿದಿರಿ, ಕರಾರು ಮುರಿದಿರಾ ಎಂದು ನನ್ನ ಮೇಲೇ ತಿರುಗಿದರು.

ನನಗೆ ಅವರ ಮೇಜನ್ನೇ ಮಗುಚಿ ಹಾಕಬೇಕು ಅನ್ನಿಸಿತು. ಹಾಗೆ ಮಾಡದೆ ಹಳೆಯ ಟೇಪನ್ನು ಅಲ್ಲೇ ಹಾಕಿಸಿ, ಬಾಪುವಿನ ಹೆಡ್‌ಫೋನನ್ನು ಅವರ ಮುಂದೆ ಚಾಚಿದೆ. "ಸಾಹೇಬ್ರ, ನೀವು ಕಿವಿಗೊಟ್ಟು ಕೇಳಿಲ್ಲ. ಒಮ್ಮೆ ಕೇಳ್ರಿ. ಆಮೇಲೆ ನೀವು ಹೇಳಿದ್ಹಂಗ."

ಬೇಸರದಿಂದಲೇ ಕಿವಿಗೆ ಹಾಕಿಕೊಂಡರು. ಲಲಿತಾಳ ನೆರಳು ಪರದೆಯ ಮೇಲೆ ಬಂತು. ಒಂದು ಕ್ಷಣ. ಇನಾಮದಾರರ ಮುಖ ಅರಳಿತು. ಅವರು ಮಗ್ಗುಲಿಗೆ ತಿರುಗಿ, ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು.

"ಅರೆ, ಇದು ಕ್ಯಾಂಪಿನ ಶೆಟ್ಟರ ಹೋಟೆಲ್ ಅಲ್ಲೇನ್ರಿ? ರಾಮಣ್ಣ! ನಾ ಮೊದಲ ಪುಣೆಕ್ಕ ಬಂದಾಗ ದಿನಾ ಅಲ್ಲೇ…"

ಮಾತು ಅಲ್ಲಿಗೇ ನಿಂತಿತು. ಪರದೆಯ ಮೇಲಿನ ನೆರಳನ್ನು ನೋಡಿದರು, ನನ್ನನ್ನು ನೋಡಿದರು. ಹೆಡ್‌ಫೋನನ್ನು ಬಹಳ ನಿಧಾನವಾಗಿ ತೆಗೆದು ಮೇಜಿನ ಮೇಲಿಟ್ಟರು.

"ಆಕೀ ಗಂಡ ಇದೇ ಊರಾಗ ಇದ್ದಾನೇನ್ರಿ?"

"ಹೌದ್ರಿ. ಅದೇ ಹೋಟೆಲಿನ್ಯಾಗ ಉಂಡಾವ."

ಅವರು ಹೊಸ ಟೇಪು ತೆಗೆದುಕೊಂಡು ತಾವೇ ಎದ್ದು ಪ್ರಸಾರದ ಕೋಣೆಗೆ ನಡೆದರು. ಸಮಿತಿಯ ಮಾತು ಮತ್ತೆ ಬರಲಿಲ್ಲ. ಅವತ್ತಿನಿಂದ ನನ್ನ ಲೆಕ್ಕದಲ್ಲಿ ಆ ಮನುಷ್ಯನ ಕುರ್ಚಿ ಎತ್ತರವಾಯಿತು.

ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. "ಬೆಳಗಾವಿ ಕಡೆಯಿಂದ ಒಬ್ಬ ವಯಸ್ಸಾದ ಹೆಣ್ಣುಮಗಳು ಆಫೀಸಿಗೆ ಫೋನ್ ಮಾಡಿದ್ಲರಿ. ಮಗಳು ಎಲ್ಲಿದ್ದಾಳ ಅಂತ ನನಗ ಹೇಳಬ್ಯಾಡ್ರಿ, ತಿಳದ್ರ ನನ್ನ ಬಾಯಾಗ ನಿಲ್ಲೂದಿಲ್ಲ ಅಂದ್ಲು. ಅವ್ವ ಉಂಡ್ಲು ಅಂತ ಹೇಳ್ರಿ, ಅಂದು ಇಟ್ಟಬಿಟ್ಲು." ನಾನು ಆ ಮಾತನ್ನು ಹಾಗೇ ಒಯ್ದು ಲಲಿತಾಳಿಗೆ ಮುಟ್ಟಿಸಿದೆ. ಅವಳು ಹಿಟ್ಟು ನಾದುತ್ತಿದ್ದಳು, ನಾದುತ್ತಲೇ ಇದ್ದಳು.

ಕೋರ್ಟಿನ ಆದೇಶ ಅವಳ ಪರವಾಗಿ ಬಂದ ಮೇಲೆ ಶೆಟ್ಟರು ನನಗೊಂದು ವಿಷಯ ಹೇಳಿದರು. ಚಿತ್ರ ಬಂದ ಮಾರನೆಯ ವಾರವೇ ಆ ಗಂಡಸು ಹೋಟೆಲಿಗೆ ಬಂದಿದ್ದನಂತೆ. ಲಲಿತಾ ತೋರಿಸಿದ್ದ ಫೋಟೋದಿಂದ ಶೆಟ್ಟರಿಗೆ ಗುರುತು ಸಿಕ್ಕಿತ್ತು. "ಕೂತ, ಚಾ ಕುಡಿದ, ರಾಮಣ್ಣ ಕೂಗಿದಕ್ಕೆ ಇವನೂ ಕೂಗಿ ನಗಾಡಿದ, ಹೋದ. ನಾನು ಗಲ್ಲಾಪೆಟ್ಟಿಗೆಯಿಂದ ಅವನ ಚಿಲ್ಲರೆ ಎರಡೆರಡು ಸಲ ಎಣಿಸಿ ಕೊಟ್ಟೆ ಮಾರಾಯ್ರೆ." ಲಲಿತಾ ಆಗ ಅವನ ತಲೆಯ ಮೇಲಿನ ಕೋಣೆಯಲ್ಲಿ ಮಗಳ ಜಡೆ ಹಾಕುತ್ತಿದ್ದಳು.

ನಾನು ಕೆಲಸ ನಿಲ್ಲಿಸಿ ಕೆಲವು ವರ್ಷಗಳಾದವು. ಹಳೆಯ ಚಿತ್ರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡಲು ಬೆಂಗಳೂರಿನ ಹುಡುಗಿಯೊಬ್ಬಳು ಬರುತ್ತಾಳೆ, ಮೇಘನಾ. ಈಚೆಗೆ ಆ ಚಿತ್ರದ ಸರದಿ ಬಂದಾಗ ಲಲಿತಾಳನ್ನೂ ಕರೆಸಿದೆ. ನನ್ನ ನಿಯಮ ನಾನು ಬಿಡುವವಳಲ್ಲ. ಲಲಿತಾ ಈಗ ಪುಣೆಯಂಚಿನ ವಾಕಡದಲ್ಲಿ ಸ್ವಂತ ಖಾನಾವಳಿ ನಡೆಸುತ್ತಾಳೆ, ಕೂದಲು ನನ್ನಷ್ಟೇ ಬೆಳ್ಳಗಾಗಿದೆ. ಮೇಘನಾಳ ಬಳಿ ಎರಡೂ ಟೇಪು ಇದ್ದವು. ಮೊದಲನೆಯದನ್ನು ಹಾಕಿ, "ಮ್ಯಾಮ್, ಇದ್ರಲ್ಲಿ ಯಾರೋ ಕೂಗ್ತಿದಾರೆ. ನಾಯ್ಸ್ ಕ್ಲೀನ್ ಮಾಡ್ಬಿಡ್ಲಾ? ಒಂದ್ ಕ್ಲಿಕ್ ಅಷ್ಟೆ," ಎಂದಳು.

ಒಂದು ಕ್ಲಿಕ್ ಅಂತೆ! ಇದಕ್ಕಾಗಿ ಒಂದು ಹೋಟೆಲಿನ ಬಾಯನ್ನೇ ಮುಚ್ಚಿಸಿದವಳು ನಾನು.

"ಬ್ಯಾಡವಾ ತಂಗಿ, ತೆಗೀಬ್ಯಾಡ," ಎಂದಳು ಲಲಿತಾ. "ಎರಡನೇದ್ರಾಗೂ ಹಾಕು. ನಾ ನಡದು ಬಂದೀನಿ ಅಂತೀನಲ್ಲ, ಅಲ್ಲೇ ಹಾಕು, ರಾಮಣ್ಣನ ದನಿ. ಈಗ ಯಾರು ಕೇಳಿದ್ರೂ ಕೇಳ್ಲಿ."

ರಾಮಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಅವತ್ತು ತನ್ನ ಬಾಯಿ ಯಾಕೆ ಮುಚ್ಚಿಸಿದರು ಎಂದು ಆದೇಶ ಬಂದ ದಿನ ಲಲಿತಾಳೇ ಅವನಿಗೆ ಹೇಳಿದ್ದಳಂತೆ. ಮೊದಲೇ ಹೇಳಿದ್ದರೆ ಒಂದು ತಿಂಗಳು ಬೇಕಾದರೂ ಸುಮ್ಮನಿರುತ್ತಿದ್ದೆ ಎಂದು ಅವನು ಬೈದನಂತೆ.

ಹೋದ ವಾರ ಹೊಸದಾಗಿ ಕೂಡಿಸಿದ ಚಿತ್ರವನ್ನು ಅವಳಿಗೆ ಒಪ್ಪಿಸಲು ವಾಕಡಕ್ಕೆ ಹೋಗಿದ್ದೆ. ಊಟದ ಹೊತ್ತು, ಕಾಲಿಡಲು ಜಾಗವಿಲ್ಲ. ಲಲಿತಾ ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿದ್ದಳು. ನನ್ನನ್ನು ನೋಡಿ ಕಣ್ಣಲ್ಲೇ ಕೂಡು ಎಂದು ಸನ್ನೆ ಮಾಡಿದಳು. ಆಮೇಲೆ ಅಡಿಗೆಮನೆಯ ಕಡೆ ಕತ್ತು ತಿರುಗಿಸಿ, ರಸ್ತೆಯಾಚೆಯವರಿಗೂ ಕೇಳುವ ಹಾಗೆ, ಕೊನೆಯ ಅಕ್ಷರವನ್ನು ಭಾಗವತರಂತೆ ಎಳೆದು ಕೂಗಿದಳು:

"ದೋನ್ ರೊಟ್ಟಿ… ಏಕ್ ಎಣಗಾಯ್‌ಯ್‌ಯ್!"